ಕಡಲಿನ ತಳದಲ್ಲಿ ವಿದ್ಯುತ್ತಿನ ಹಾದಿ

ಮುಂಬಯಿಯಿಂದ ದೋಣಿಯಲ್ಲಿ ಒಂದು ಗಂಟೆ ಪ್ರಯಾಣ ಮಾಡಿದರೆ ಘಾರಾಪುರಿ ದ್ವೀಪ ಸಿಕ್ಕುವುದು. ಹೆಸರಾಂತ ಎಲಿಫೆಂಟಾ ಗುಹೆಗಳಿರುವುದು ಇಲ್ಲಿಯೇ. ಗುಹೆಯೊಳಗಿನ ಮಹೇಶಮೂರ್ತಿಯನ್ನು ಕಾಣಲು ದೇಶವಿದೇಶಗಳ ಜನ ಬಂದು ಹೋಗುತ್ತಿದ್ದರು. ಆದರೆ ದ್ವೀಪದ ಮೂರು ಹಳ್ಳಿಗಳಿಗೆ 2018ನೆಯ ಇಸವಿಯ ಆರಂಭದವರೆಗೆ ಹೊರಗಿನ ವಿದ್ಯುತ್ ಜಾಲದ ಸಂಪರ್ಕವಿರಲಿಲ್ಲ. ಸಂಜೆಯ ಕೆಲವು ಗಂಟೆ ಡೀಸೆಲ್ ಯಂತ್ರ ಓಡಬೇಕು, ಅದು ನಿಂತರೆ ಕತ್ತಲೆ. ಎದುರಿಗೆ ಮಾತ್ರ ಮಹಾನಗರದ ದೀಪಗಳು ರಾತ್ರಿಯಿಡೀ ಉರಿಯುತ್ತಿದ್ದವು. ಆ ವರ್ಷದ ಫೆಬ್ರುವರಿಯಲ್ಲಿ, ಸಮುದ್ರದ ತಳದಲ್ಲಿ ಸುಮಾರು 7.5 ಕಿಲೊಮೀಟರು ಉದ್ದದ ಕೇಬಲನ್ನು ಹಾಸಿ, ಹಳ್ಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸಿದರು.

ಏಳೂವರೆ ಕಿಲೊಮೀಟರು ಸಾಧ್ಯವಾದರೆ ನೂರು ಕಿಲೊಮೀಟರು ಏಕೆ ಆಗಬಾರದು? ಇನ್ನಷ್ಟು ಉದ್ದದ ತಂತಿ ತಂದರೆ ಸಾಲದೆ? ನಮ್ಮ ನಾಡಿನಲ್ಲಿಯೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೊಮೀಟರು ದೂರ ಕೊಂಡೊಯ್ದರಲ್ಲವೆ? ಆದರೆ ಅರ್ಧ ಶತಮಾನ ಕಳೆದ ಮೇಲೂ, ಅದಕ್ಕಿಂತ ಕಡಮೆ ದೂರವನ್ನು ಕಡಲಿನ ತಳದಲ್ಲಿ ದಾಟುವುದು ಎಂಜಿನಿಯರುಗಳಿಗೆ ಬಲು ತೊಡಕಿನ ಸಮಸ್ಯೆಯಾಗಿತ್ತು. ಆ ತೊಡಕು ಎಲ್ಲಿತ್ತೆಂಬುದನ್ನು ನೋಡೋಣ.

ಕೋಲಾರದ ತಂತಿ ಕಂಬಗಳ ಮೇಲೆ, ಗಾಳಿಯ ನಡುವೆ ಇದ್ದಿತು. ಕಡಲಿನ ಕೇಬಲು ಹಾಗಲ್ಲ. ನಡುವೆ ತಾಮ್ರದ ವಾಹಕ. ಅದರ ಸುತ್ತ ಎಣ್ಣೆಯಲ್ಲಿ ತೊಯ್ಸಿದ ಕಾಗದದ ಸುತ್ತುಗಳು. ನೀರು ನುಗ್ಗದಂತೆ ಅದರ ಮೇಲೆ ಸೀಸದ ಕವಚ. ಬಂಡೆಗೆ ಉಜ್ಜಿ, ಲಂಗರಿಗೆ ಸಿಕ್ಕಿ ಹಾಳಾಗದಂತೆ ಎಲ್ಲಕ್ಕೂ ಹೊರಗೆ ಉಕ್ಕಿನ ತಂತಿಗಳ ಹೊದಿಕೆ. ಹಳೆಯ ಕೇಬಲುಗಳ ರಚನೆ ಇದು. ಇಂದು ಅನೇಕ ಕಡೆ ಕಾಗದಕ್ಕೆ ಬದಲು ಪ್ಲಾಸ್ಟಿಕ್ ಬಳಸುತ್ತಾರೆ, ಅಷ್ಟೆ. ಒಳಗೆ ಲೋಹ, ಹೊರಗೆ ಲೋಹ, ನಡುವೆ ತೆಳುವಾದ ಅವಾಹಕ: ಭೌತವಿಜ್ಞಾನವನ್ನು ಓದಿದ ವಿದ್ಯಾರ್ಥಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಇದೊಂದು ವಿದ್ಯುತ್ ಧಾರಕ. ಪ್ರಯೋಗಶಾಲೆಯ ಧಾರಕ ಅಂಗೈಯಲ್ಲಿ ಹಿಡಿಸುವುದು. ಇದರ ಉದ್ದ ಹತ್ತಾರು ಕಿಲೊಮೀಟರು! ಕಂಬದ ತಂತಿಗೂ ಧಾರಕತೆ ಉಂಟು. ಆದರೆ ತಂತಿಗೂ ನೆಲಕ್ಕೂ ನಡುವೆ ಗಾಳಿಯ ವಿಸ್ತಾರವಾದ ಅಂತರವಿರುವುದರಿಂದ ಅದು ಕೇಬಲಿನ ಧಾರಕತೆಯ ಒಂದು ಸಣ್ಣ ಪಾಲು ಮಾತ್ರ.

ನಮ್ಮ ಮನೆಗಳಿಗೆ ಬರುವುದು ಪರ್ಯಾಯ ವಿದ್ಯುತ್ ಪ್ರವಾಹ. ಸೆಕೆಂಡಿಗೆ 50 ಆವರ್ತಗಳೆಂದರೆ, ಅದರ ದಿಕ್ಕು ಸೆಕೆಂಡಿಗೆ 100 ಸಲ ತಿರುವುಮುರುವಾಗುತ್ತದೆ. ಕೇಬಲೆಂಬ ಧಾರಕವನ್ನು ಪ್ರತಿ ಸಲವೂ ತುಂಬಬೇಕು, ಬರಿದು ಮಾಡಬೇಕು, ವಿರುದ್ಧ ದಿಕ್ಕಿನಲ್ಲಿ ಮತ್ತೆ ತುಂಬಬೇಕು. ಆಚೆ ದಡದಲ್ಲಿ ಒಂದು ದೀಪವೂ ಉರಿಯದಿದ್ದರೂ ಈ ತುಂಬಿ ಬರಿದುಮಾಡುವ ಪ್ರವಾಹ ಹರಿಯುತ್ತಲೇ ಇರುವುದು. ಅದು ಎಷ್ಟು? 96 ಕಿಲೊಮೀಟರು ಉದ್ದದ ಕೇಬಲಿಗೆ ಕಿಲೊಮೀಟರಿಗೆ 0.2 ಮೈಕ್ರೊಫ್ಯಾರಡ್ ಧಾರಕತೆ ಎಂದಿಟ್ಟುಕೊಳ್ಳೋಣ, ಒಟ್ಟು 19.2 ಮೈಕ್ರೊಫ್ಯಾರಡ್. ವಿಭವ 50,000 ವೋಲ್ಟ್ ಆಗಿರಲಿ. ಆವರ್ತಸಂಖ್ಯೆ, ಧಾರಕತೆ, ವಿಭವ ಇವುಗಳನ್ನು ಗುಣಿಸಿ, ಬಂದುದನ್ನು 6.28ರಿಂದ ಮತ್ತೆ ಗುಣಿಸಿದರೆ ಸುಮಾರು 300 ಆಂಪೇರು ಬರುವುದು. ಆದರೆ ತಾಮ್ರ ಬಿಸಿಯಾಗದೆ ಹೊರಬಲ್ಲುದು 200 ಆಂಪೇರು ಮಾತ್ರವಾದರೆ? ಹೊರೆಯನ್ನು ಹೇರುವ ಮೊದಲೇ ಎತ್ತು ಮಲಗಿಬಿಟ್ಟಂತಾಯಿತು. ಘಾರಾಪುರಿಯಂತಹ ಗಿಡ್ಡ ಕೇಬಲಿನಲ್ಲಿ ಈ ಪ್ರವಾಹ ಕೆಲವೇ ಆಂಪೇರುಗಳಷ್ಟಾದುದರಿಂದ ಯಾರೂ ಅದನ್ನು ಲೆಕ್ಕಿಸುವುದಿಲ್ಲ. ನೆಲದ ಮೇಲಾದರೆ ಹಾದಿಯ ನಡುನಡುವೆ ತಕ್ಕ ಸುರುಳಿಗಳನ್ನು ಜೋಡಿಸಿ ಪರಿಹಾರ ಕಾಣಬಹುದು. ಕಡಲಿನ ನಡುವೆ ಅದು ಸುಲಭವೆ?

ಒಂದು ಉಪಾಯ ಉಂಟು. ನೀರು ತುಂಬಿದ ಉದ್ದನೆಯ, ಮೆತ್ತನೆಯ ರಬ್ಬರು ಕೊಳವೆಯನ್ನು ಭಾವಿಸಿಕೊಳ್ಳಿ. ಒಂದು ತುದಿಯಿಂದ ನೀರನ್ನು ಬೇಗಬೇಗನೆ ಹಿಂದಕ್ಕೂ ಮುಂದಕ್ಕೂ ನೂಕಿದರೆ ಗೋಡೆಗಳು ಉಬ್ಬಿ ಕುಗ್ಗುವುದರಲ್ಲಿಯೇ ನಮ್ಮ ಪ್ರಯತ್ನ ಮುಗಿದುಹೋಗುವುದು. ಒಂದೇ ದಿಕ್ಕಿಗೆ ಸಮನಾಗಿ ನೂಕಿದರೆ ಗೋಡೆ ಒಮ್ಮೆ ಉಬ್ಬಿ ನಿಲ್ಲುವುದು. ಆಮೇಲೆ ನೂಕಿದ ನೀರೆಲ್ಲ ಆಚೆ ತುದಿಗೆ ತಲಪುವುದು. ಹಾಗೆಯೇ ಏಕಮುಖ ಪ್ರವಾಹವು ಕೇಬಲನ್ನು ಒಮ್ಮೆ ತುಂಬಿದರೆ ತೀರಿತು.

ಆದರೆ ಏಕಮುಖ ಪ್ರವಾಹದ ವಿಭವವನ್ನು ಟ್ರಾನ್ಸ್‌ಫಾರ್ಮರಿನಿಂದ ಏರಿಸಲಾಗದು, ಇಳಿಸಲಾಗದು. ಆದಕಾರಣ ಈಚೆ ದಡದಲ್ಲಿ ಪರ್ಯಾಯ ಪ್ರವಾಹದ ವಿಭವವನ್ನು ಏರಿಸಿ, ಏಕಮುಖವಾಗಿ ಮಾರ್ಪಡಿಸಿ, ಕಡಲು ದಾಟಿಸಿ, ಆಚೆ ದಡದಲ್ಲಿ ಮತ್ತೆ ಪರ್ಯಾಯವಾಗಿ ಮಾಡಬೇಕು. ಲಕ್ಷ ವೋಲ್ಟಿನಲ್ಲಿ ಈ ಕೆಲಸವನ್ನು ಮಾಡುವ ಉಪಕರಣ ಎಲ್ಲಿತ್ತು?

ಇದಕ್ಕೆ ಉತ್ತರ ದೊರೆತುದು ಸ್ವೀಡನ್ನಿನಲ್ಲಿ. ಬಾಲ್ಟಿಕ್ ಸಮುದ್ರದ ನಡುವೆ ಗೊಟ್‌ಲಂಡ್ ಎಂಬ ಅವರ ದ್ವೀಪವಿದೆ. ಅದು ಸುಣ್ಣಕಲ್ಲಿನ ನೆಲ. ಸಿಮೆಂಟಿನ ಕೈಗಾರಿಕೆಗೆ ಹೇಳಿ ಮಾಡಿಸಿದ್ದು. ಮುಖ್ಯ ಭೂಭಾಗದಲ್ಲಿ ಜಲಪಾತಗಳ ಅಗ್ಗದ ವಿದ್ಯುತ್ತು ಹೇರಳವಾಗಿದ್ದರೂ ದ್ವೀಪದವರು ಇಂಧನವನ್ನು ಸುಟ್ಟು ದುಬಾರಿ ವಿದ್ಯುತ್ತನ್ನು ಪಡೆಯಬೇಕಾಗಿತ್ತು. ಎ.ಎಸ್.ಇ.ಎ. ಕಂಪೆನಿಯ ಎಂಜಿನಿಯರಾದ ಊನೊ ಲಾಮ್, ಪಾದರಸದ ಕವಾಟಗಳ ಬೆನ್ನು ಹತ್ತಿದ್ದರು. ನಿರ್ವಾತ ಪಾತ್ರೆಯೊಳಗಿನ ಪಾದರಸದಿಂದ ಧನಾಗ್ರಕ್ಕೆ ಇಲೆಕ್ಟ್ರಾನುಗಳು ಹಾಯುವುವು; ಹಿಂದಕ್ಕೆ ಹಾಯವು. ಹೆಚ್ಚಿನ ವಿಭವದಲ್ಲಿ ಮಾತ್ರ ಕವಾಟ ಕೆಲವೊಮ್ಮೆ ನಿಯಮವನ್ನು ಮುರಿದು ಹಿಮ್ಮುಖವಾಗಿಯೂ ಕಿಡಿಕಾರುತ್ತಿತ್ತು. ಎರಡು ಅಗ್ರಗಳ ನಡುವೆ ಹಲವು ಲೋಹದ ಪಟ್ಟಿಗಳನ್ನಿಟ್ಟು ವಿಭವವನ್ನು ಮೆಟ್ಟಿಲುಮೆಟ್ಟಿಲಾಗಿ ಹಂಚುವ ಉಪಾಯಕ್ಕೆ ಲಾಮ್ 1929ರಲ್ಲಿಯೇ ಪೇಟೆಂಟ್ ಪಡೆದರು. ಅದು ನಂಬಿಕೆಗೆ ಅರ್ಹವಾದ ಉಪಕರಣವಾಗಲು ಎರಡು ದಶಕಗಳೇ ಹಿಡಿದವು. ಯಾವ ದೇಶವೂ ವಾಣಿಜ್ಯಕ್ಕೆ ಬಳಸದಿದ್ದ ಈ ವಿಧಾನವನ್ನು ಒಂದು ದ್ವೀಪದ ಬದುಕಿಗೆ ಆಧಾರವಾಗಿ ಒಪ್ಪಿಕೊಂಡುದು ಸಣ್ಣ ಧೈರ್ಯವಲ್ಲ.

1954ರಲ್ಲಿ ಗೊಟ್‌ಲಂಡಿನ ಕೇಬಲು ಕೆಲಸಕ್ಕೆ ತೊಡಗಿತು. ವಿಭವ 1,00,000 ವೋಲ್ಟ್, ಪ್ರವಾಹ 200 ಆಂಪೇರು. ಗುಣಿಸಿದರೆ 20,000 ಕಿಲೊವಾಟ್. ಇನ್ನೊಂದು ಸೋಜಿಗ: ಹಾಸಿದ್ದು ಒಂದೇ ಕೇಬಲು. ಪ್ರವಾಹ ಹಿಂದಿರುಗಲು ಇನ್ನೊಂದು ಹಾದಿ ಬೇಕಷ್ಟೆ? ಆ ಕೆಲಸವನ್ನು ಉಪ್ಪುನೀರಿನ ಕಡಲಿಗೇ ಒಪ್ಪಿಸಿದರು. ಉಪ್ಪುನೀರು ತಾಮ್ರದಷ್ಟು ಒಳ್ಳೆಯ ವಾಹಕವಲ್ಲ. ಆದರೆ ಅದರ ಅಡ್ಡಕೊಯ್ತಕ್ಕೆ ಮಿತಿಯೆಲ್ಲಿ!

ದ್ವೀಪದ ಬೇಡಿಕೆ ಬೆಳೆಯಿತು. 1970ರಲ್ಲಿ ಪಾದರಸದ ಕವಾಟಗಳ ಜೊತೆಗೆ ಸಿಲಿಕಾನಿನ ಥೈರಿಸ್ಟರುಗಳನ್ನು ಸೇರಿಸಿ, ವಿಭವವನ್ನು 1,50,000 ವೋಲ್ಟಿಗೂ ಸಾಮರ್ಥ್ಯವನ್ನು 30,000 ಕಿಲೊವಾಟಿಗೂ ಏರಿಸಿದರು. 1983ರಲ್ಲಿಯೂ 1987ರಲ್ಲಿಯೂ ಹೊಸ ಕೇಬಲುಗಳು ಬಂದವು; ಮೊದಲನೆಯದು 1986ರಲ್ಲಿ ನಿವೃತ್ತವಾಯಿತು. ಅದೇ ತತ್ತ್ವ 2003ರಲ್ಲಿ ನಮ್ಮ ಕೋಲಾರಕ್ಕೂ ಬಂದಿತು, ಕಡಲಿಲ್ಲದ ಹಾದಿಯಲ್ಲಿ: ಒಡಿಶಾದ ತಾಲ್ಚೇರಿನಿಂದ 1,300 ಕಿಲೊಮೀಟರಿಗೂ ಹೆಚ್ಚು ದೂರ, ಕಂಬಗಳ ಮೇಲೆ. ಗೊಟ್‌ಲಂಡಿನಲ್ಲಿ ಈಗ ಗಾಳಿಯಂತ್ರಗಳು ಹೆಚ್ಚಿವೆ. ಗಾಳಿ ಬಲವಾಗಿ ಬೀಸಿದ ದಿನಗಳಲ್ಲಿ ದ್ವೀಪದ ವಿದ್ಯುತ್ತೇ ಕಡಲಿನ ತಳದಲ್ಲಿ ಹಿಂದಿರುಗಿ ಮುಖ್ಯ ಭೂಭಾಗಕ್ಕೆ ಹರಿಯುವುದುಂಟು.