ಫಾಸಿಗರ, ಠಗ್, ತಂತಿಕಳ್ಳ

ಪ್ರಶ್ನೆ: ಹಳೆಯ ಇಂಗ್ಲಿಷ್ ಪುಸ್ತಕವೊಂದರಲ್ಲಿ ‘ಫಾನ್ಸಿಗರ್’ ಎಂಬ ಪದ ಸಿಕ್ಕಿತು. ಈಗಿನ ಇಂಗ್ಲಿಷಿನಲ್ಲಿ ಅದನ್ನು ಎಲ್ಲೂ ಕಂಡಿಲ್ಲ. ನಮ್ಮ ಹುಮನಾಬಾದ್, ಬಸವಕಲ್ಯಾಣದ ಕಡೆ ಗಲ್ಲಿಗೆ ‘ಫಾಸಿ’ ಅಂತಾರೆ. ಎರಡಕ್ಕೂ ನಂಟು ಉಂಟೇ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?
– ಓದುಗರು, ಹುಮನಾಬಾದ್

ಉತ್ತರ: ನಂಟೇನು, ಎರಡೂ ಒಂದೇ ಮಾತು. ‘ಫಾಂಸಿ’ ಎಂದರೆ ಕುಣಿಕೆ. ನಮ್ಮ ಯಮಪಾಶದಲ್ಲಿರುವ ‘ಪಾಶ’ದ ಬಳಗ. ಅದಕ್ಕೆ ಸೇರಿದ ‘ಗರ್’ ಫಾರಸಿಯದು. ಸೌದಾಗರ್, ಕಾರೀಗರ್ ಎಂದು ದಿನಾ ಕೇಳುವ ನಿಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ನಾಲ್ಕು ದಿನ ಒಟ್ಟಿಗೆ ನಡೆದು, ಸಮಯ ನೋಡಿ ಕುತ್ತಿಗೆಗೆ ಕುಣಿಕೆ ಬಿಗಿದು ದೋಚುತ್ತಿದ್ದವನೇ ಫಾಸಿಗರ.

ಕಂಪನಿ ಸರ್ಕಾರದ ಇಂಗ್ಲಿಷಿಗೆ ಈ ಪದ ದಕ್ಷಿಣದಿಂದ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಇಂಥ ನೂರರಷ್ಟು ಜನ ಸಿಕ್ಕಿಬಿದ್ದರು. ಇವರದೇ ಬೇರೆ ಪಂಗಡ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. 1807ರಲ್ಲಿ ಚಿತ್ತೂರು–ಆರ್ಕಾಟಿನ ನಡುವೆ ಇನ್ನಷ್ಟು ಜನ ಸಿಕ್ಕರು. ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರ ಮೇಲೆ ಒಂದು ಲೇಖನವನ್ನೇ ಬರೆದ. ಅದರ ಶೀರ್ಷಿಕೆಯಲ್ಲಿದ್ದದ್ದು ‘ಫಾನ್ಸಿಗರ್’. 1820ರಲ್ಲಿ ‘ಏಷಿಯಾಟಿಕ್ ರಿಸರ್ಚಸ್’ ಅದನ್ನು ಮತ್ತೆ ಅಚ್ಚುಹಾಕಿತು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇರುವುದೂ ಆ ಲೇಖನದಲ್ಲೇ. ತಮಿಳರು, ತೆಲುಗರು ಇವರನ್ನು ಏನೆಂದು ಕರೆಯುತ್ತಾರೆ ಎಂದು ಹೇಳುತ್ತ ಶೆರ್ವುಡ್ ಕನ್ನಡದ ಹೆಸರನ್ನೂ ಕೊಡುತ್ತಾನೆ: ‘ತಂತಿ ಕಳ್ಳರು’. ಇಲ್ಲಿ ವಿದ್ಯುತ್ ತಂತಿ ನೆನಪಾಗಬಾರದು. ವೀಣೆ, ಏಕತಾರಿಗೆ ಕಟ್ಟುವಂಥ ತಂತಿ. ಪ್ರಾಣಿಗಳ ಕರುಳಿನಿಂದ ಹೊಸೆದದ್ದೂ ಇರುತ್ತಿತ್ತು. ಕಸಬನ್ನು ಅದರ ಹತ್ಯಾರದಿಂದಲೇ ಗುರುತಿಸಿದ ಈ ಹೆಸರು ನನಗಂತೂ ‘ಫಾಸಿಗರ’ಕ್ಕಿಂತ ಗಟ್ಟಿ ಎನಿಸುತ್ತದೆ.

ಹಾಗಾದರೆ ಇಂಗ್ಲಿಷಿನಲ್ಲಿ ‘ಫಾನ್ಸಿಗರ್’ ಸತ್ತು ‘ಠಗ್’ ಉಳಿದದ್ದು ಹೇಗೆ? ಕಚೇರಿಯ ಬಲದಿಂದ. ಈ ಕಸಬಿನವರನ್ನು ಬೇಟೆಯಾಡಿದ ವಿಲಿಯಂ ಸ್ಲೀಮನ್ ಇದ್ದದ್ದು ಜಬಲ್ಪುರ–ಸಾಗರದ ಕಡೆ. ಅಲ್ಲಿನ ರೂಢಿ ಠಗ್. 1836ರಲ್ಲಿ ಅವನು ಇವರ ಗುಪ್ತಭಾಷೆಯ ನಿಘಂಟು ‘ರಾಮಸೀಆನಾ’ ಅಚ್ಚುಹಾಕಿಸಿದ. ಅದೇ ವರ್ಷ ಬಂದ ಕಾಯಿದೆ ಠಗ್ಗರ ಗುಂಪಿಗೆ ಸೇರಿದವನು ಎಂದು ರುಜುವಾತಾದರೆ ಸಾಕು, ಜೀವಾವಧಿ ಎಂದಿತು. ಕಾಯಿದೆಯಲ್ಲಿ ಠಗ್, ಇವರನ್ನು ಅಡಗಿಸುವ ಇಲಾಖೆಯ ಬೋರ್ಡಿನ ಮೇಲೆ ಠಗ್ಗಿ. ಮದ್ರಾಸಿನ ಪದಕ್ಕೆ ಎಲ್ಲಿ ಜಾಗ?

ಮಿಕ್ಕದ್ದನ್ನು ನಿಮ್ಮ ಸೀಮೆಯಲ್ಲೇ ಓಡಾಡಿದವನೊಬ್ಬ ಮುಗಿಸಿದ. ನಿಜಾಮರ ನೌಕರಿಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1820ರ ದಶಕದ ಕೊನೆಗೆ ಆ ರಾಜ್ಯದ ನೈಋತ್ಯ ಭಾಗದಲ್ಲಿ, ತುಳಜಾಪುರದ ಕಡೆ, ಪೊಲೀಸ್ ಕೆಲಸ ನೋಡಿಕೊಂಡಿದ್ದ. ಅಷ್ಟರಲ್ಲಿ ಬೇರೆ ಕೆಲಸಕ್ಕೆ ಕಳಿಸಿಬಿಟ್ಟರು. ಅಲ್ಲೇ ಬಿಟ್ಟಿದ್ದರೆ ಠಗ್ಗರ ಗುಟ್ಟನ್ನು ಸ್ಲೀಮನ್‌ಗಿಂತ ಮೊದಲು ತಾನೇ ಒಡೆಯುತ್ತಿದ್ದೆ ಎಂಬ ಕೊರಗು ಅವನ ಆತ್ಮಕಥೆಯಲ್ಲಿದೆ. ಮುಂದೆ ಹಿಂಗೋಲಿಯಲ್ಲಿ ಸೆರೆಸಿಕ್ಕವರ ಹೇಳಿಕೆಗಳನ್ನು ಬರೆದುಕೊಂಡ. ಅದರ ಫಲ 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಬಂದ ಕಾದಂಬರಿ, ‘ಕನ್ಫೆಷನ್ಸ್ ಆಫ್ ಎ ಠಗ್’. ವಿಕ್ಟೋರಿಯಾ ರಾಣಿ ಅಚ್ಚಿನ ಕರಡನ್ನೇ ತರಿಸಿ ಓದಿದಳಂತೆ. ರಾಣಿ ಓದಿದ ಪುಸ್ತಕದ ಪದವನ್ನು ಯಾರು ಅಲುಗಾಡಿಸುತ್ತಾರೆ! (ಟೇಲರ್ ಆಮೇಲೆ ಸುರಪುರದಲ್ಲಿ ವರ್ಷಗಟ್ಟಲೆ ಇದ್ದ, 1853ರಿಂದ ಬಸವಕಲ್ಯಾಣಕ್ಕೆ ಪಡುವಲಿನ ನಳದುರ್ಗವನ್ನು ಆಳಿದ. ಅದು ಬೇರೆ ಕಥೆ.)

ಒಂದು ಎಚ್ಚರಿಕೆ. ಈ ಪುಸ್ತಕಗಳ ಸಾಮಗ್ರಿಯ ದೊಡ್ಡ ಪಾಲು ಮಾಫಿ ಸಾಕ್ಷಿಗಳ ಬಾಯಿಂದ ಬಂದದ್ದು. ತನ್ನ ಕೊರಳಿನ ಫಾಸಿ ತಪ್ಪಿಸಿಕೊಳ್ಳಲು ಸಾಹೇಬನಿಗೆ ಬೇಕಾದಷ್ಟು ಫಾಸಿಗರರನ್ನು ತೋರಿಸಿಕೊಟ್ಟವನ ಮಾತನ್ನು ಎಷ್ಟು ನಂಬಬೇಕು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ದಾರಿಗಳಲ್ಲಿ ಕೊಲೆ ನಡೆದದ್ದು ನಿಜ. ಇಡೀ ದೇಶಕ್ಕೆ ಹಬ್ಬಿದ ಒಂದೇ ಪಂಥವಿತ್ತು ಎಂಬುದನ್ನು ನಾನು ಒಪ್ಪಲಾರೆ.

‘ಠಗ್’ ಹಳೆಯದು. ದೆಹಲಿಯ ಸುಲ್ತಾನ ಜಲಾಲುದ್ದೀನ್ ಖಿಲ್ಜಿ ಸಾವಿರ ಠಗ್ಗರನ್ನು ಹಿಡಿಸಿ ದೋಣಿಯಲ್ಲಿ ಬಂಗಾಳದ ಕಡೆ ಸಾಗಹಾಕಿದ ಎಂದು ಇತಿಹಾಸಕಾರ ಬರನಿ ಬರೆಯುತ್ತಾನೆ. ನಮ್ಮ ‘ಠಕ್ಕ’ನೂ ಇದೇ ಕುಲದವನು, ಮರೆಮಾಡುವುದು ಎಂಬ ಅರ್ಥದ ಸಂಸ್ಕೃತ ಧಾತು ‘ಸ್ಥಗ್’ ಇವರ ಮೂಲ. ಇಂಗ್ಲಿಷಿಗೆ ಹೋದ ಠಗ್ ಮೊದಲು ಕೊಲೆಗಾರನಾದ, ಈಗ ಬರೀ ರೌಡಿ. ಕನ್ನಡದ ಠಕ್ಕ ಮೋಸದಿಂದ ಮುಂದೆ ಹೋಗಲಿಲ್ಲ, ರಕ್ತ ಮುಟ್ಟಲಿಲ್ಲ.

ಹೀಗಾಗಿ ಅನುವಾದಕ್ಕೆ ಕುಳಿತರೆ ‘ಠಕ್ಕ’ ಬೇಡ. ಪುಸ್ತಕ ಸ್ಲೀಮನ್‌ಗಿಂತ ಹಿಂದಿನದಾಗಿದ್ದರೆ ‘ತಂತಿಕಳ್ಳ’ ಎಂದು ಧೈರ್ಯವಾಗಿ ಬರೆಯಿರಿ. ಆಮೇಲಿನದಾದರೆ ‘ಠಗ್’ ಎಂದೇ ಬಿಡಿ. ಆ ಬರಹಗಳಲ್ಲಿ ಕೊಲೆಯ ಸಾಧನವೂ ತಂತಿಯಲ್ಲ, ರುಮಾಲು.