ಬಾಯ್ಲರ್ ಮನೆಯಲ್ಲಿ ಒಂದು ರೋಧಪೆಟ್ಟಿಗೆ

ದೀಪಾವಳಿ ಕಳೆದು ಚಳಿ ಬಲಿಯುತ್ತಿದ್ದಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣಿಸುತ್ತದೆ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರುಂಡು ಬೆಳೆದ ಕಬ್ಬು ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಗುತ್ತದೆ. ಅಲ್ಲಿ ಹಗಲಿರುಳು ಗಾಣ ತಿರುಗಲು ಉಗಿ ಬೇಕು. ಉಗಿಗೆ ಬಾಯ್ಲರ್ ಬೇಕು. ರಸ ಹಿಂಡಿದ ಹಿಪ್ಪೆಯೇ ಬಾಯ್ಲರಿನ ಉರುವಲು. ತನ್ನನ್ನು ಅರೆಯುವ ಯಂತ್ರಕ್ಕೆ ಕಬ್ಬು ತಾನೇ ಸೌದೆಯಾಗುತ್ತದೆ.

ನಾನು ಕನ್ನಡ ಕಲಿಸಿದ ಮಾಸ್ತರ. ವಿಜ್ಞಾನದ ಕೋಣೆಯನ್ನು ಹೊರಗಿನಿಂದ ನೋಡಿದ್ದೇ ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ಸೀಮೆಯ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುತ್ತಾನೆ. ಒಂದು ಸಂಜೆ ಅವನು ನನ್ನನ್ನು ಬಾಯ್ಲರ್ ಮನೆಗೆ ಕರೆದೊಯ್ದನು. ಅಂದು ಅವನ ಮುಂದೆ ಒಂದು ವ್ಯಾಜ್ಯವಿತ್ತು. ಬಾಯ್ಲರಿಗೆ ಹೋಗುವ ನೀರಿನ ತೊಟ್ಟಿಗೆ ಚುಚ್ಚಿದ್ದ ಮುಳ್ಳಿನ ಉಷ್ಣತಾಮಾಪಕವು 97 ಡಿಗ್ರಿ ಸೆಲ್ಸಿಯಸ್ ಎನ್ನುತ್ತಿತ್ತು. ನಿಯಂತ್ರಣ ಕೋಣೆಯ ಫಲಕವು 105 ಎನ್ನುತ್ತಿತ್ತು.

ಎಂಟು ಡಿಗ್ರಿಗೆ ಇಷ್ಟು ಚಿಂತೆ ಏಕೆ ಎಂದು ನೀವು ಕೇಳಬಹುದು. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ನೀರು ಕುದಿಯುವ ಮೊದಲೇ ಸಣ್ಣ ಗುಳ್ಳೆಗಳು ಏಳುವುದನ್ನು ನೋಡಿದ್ದೀರಿ. ಅವು ನೀರಿನಲ್ಲಿ ಕರಗಿದ್ದ ಗಾಳಿ. ಆ ಗಾಳಿಯಲ್ಲಿನ ಆಮ್ಲಜನಕವು ಬಾಯ್ಲರಿನ ಉಕ್ಕಿನ ಕೊಳವೆಗಳನ್ನು ಒಳಗಿನಿಂದ ಕೊರೆಯುತ್ತದೆ. ಆದುದರಿಂದ ಈ ತೊಟ್ಟಿಯಲ್ಲಿ ಕೊಂಚ ಒತ್ತಡದಲ್ಲಿ ನೀರಿಗೆ ಉಗಿ ಹಾಯಿಸಿ, ಸುಮಾರು 105 ಡಿಗ್ರಿಗೆ ಕಾಯಿಸಿ, ಆಮ್ಲಜನಕವನ್ನು ಹೊರಗಟ್ಟುತ್ತಾರೆ. ಬಿಸಿ ಸಾಲದಿದ್ದರೆ ಗಾಳಿ ಉಳಿಯುತ್ತದೆ, ಕೊಳವೆ ತೂತಾಗುತ್ತದೆ. ಅದು ಒಂದು ದಿನದಲ್ಲಿ ಕಾಣುವ ಕೇಡಲ್ಲ, ಅದೇ ಅದರ ಕೇಡು.

ಇನ್ನೊಂದು ಸೂಕ್ಷ್ಮವಿದೆ. ಉಗಿಯ ಕವಾಟವನ್ನು ತೆರೆದು ಮುಚ್ಚುವ ನಿಯಂತ್ರಕವು ಫಲಕದ ಅಂಕಿಯನ್ನೇ ನಂಬುತ್ತದೆ. ಅಂಕಿ ಸುಳ್ಳಾಗಿ ಏರಿದರೆ ಅದು ಉಗಿಯನ್ನು ಕಡಿಮೆ ಮಾಡಿ ಅಂಕಿಯನ್ನು ಮತ್ತೆ 105ಕ್ಕೆ ತಂದು ನಿಲ್ಲಿಸುತ್ತದೆ. ಫಲಕ ನೋಡಿದವನಿಗೆ ಎಲ್ಲವೂ ಸರಿ. ನೀರು ಮಾತ್ರ ಆರಿರುತ್ತದೆ.

ತೊಟ್ಟಿಯ ಬಿಸಿಯನ್ನು ಫಲಕಕ್ಕೆ ಮುಟ್ಟಿಸುವುದು ಪ್ಲಾಟಿನಂ ಲೋಹದ ಒಂದು ಎಳೆ. ಲೋಹ ಕಾದಂತೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಇದನ್ನು ಉಷ್ಣತೆ ಅಳೆಯಲು ಬಳಸಬಹುದೆಂದು 1871ರಲ್ಲಿ ಸೀಮೆನ್ಸ್ ಸೂಚಿಸಿದನು. 1887ರಲ್ಲಿ ಕ್ಯಾಲೆಂಡರ್ ಎಂಬ ವಿಜ್ಞಾನಿ ಅದನ್ನು ನಂಬಲರ್ಹವಾಗಿ ಮಾಡಿ ತೋರಿಸಿದನು. ಇಂದು ಬಳಕೆಯಲ್ಲಿರುವ ಎಳೆಯ ರೋಧ 0 ಡಿಗ್ರಿಯಲ್ಲಿ 100 ಓಮ್, 50ರಲ್ಲಿ 119.40 ಓಮ್, 105ರಲ್ಲಿ 140.40 ಓಮ್. ಫಲಕವು ಬಿಸಿಯನ್ನು ಕಾಣುವುದಿಲ್ಲ; ಓಮುಗಳನ್ನು ಎಣಿಸಿ ಡಿಗ್ರಿಗಳೆಂದು ಓದುತ್ತದೆ, ಅಷ್ಟೆ. (ಬಾಯ್ಲರಿನಿಂದ ಹೊರಡುವ ಕಡುಬಿಸಿಯ ಉಗಿಗೆ ಸಾಮಾನ್ಯವಾಗಿ ಎರಡು ಲೋಹಗಳ ಬೆಸುಗೆಯ ಬೇರೊಂದು ಸಾಧನವಿರುತ್ತದೆ, ಈ ಮಾತು ಅದಕ್ಕೆ ಸಲ್ಲದು.)

ಹಾಗಾದರೆ ಪರೀಕ್ಷೆಯ ದಾರಿ ಸುಲಭ. ಎಳೆಯನ್ನು ಬಿಡಿಸಿ, ಅದರ ಜಾಗದಲ್ಲಿ ನಮಗೆ ಗೊತ್ತಿರುವ ರೋಧವನ್ನು ಇಟ್ಟರಾಯಿತು. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹಿತ್ತಾಳೆಯ ಬೆಣೆಗಳುಳ್ಳ ರೋಧಪೆಟ್ಟಿಗೆ ಇದ್ದೀತು. ಶಿಷ್ಯನ ಕೈಯಲ್ಲಿದ್ದುದು ಅದರ ತಮ್ಮ: ನೂರು, ಹತ್ತು, ಒಂದು ಮತ್ತು ದಶಾಂಶಗಳಿಗೆ ಒಂದೊಂದು ತಿರುಗುಗುಂಡಿ.

ಅವನು ಮೊದಲು ನಿಯಂತ್ರಕವನ್ನು ಸ್ವಯಂಚಾಲನೆಯಿಂದ ಬಿಡಿಸಿ, ಕವಾಟದ ಬಳಿ ಒಬ್ಬನನ್ನು ನಿಲ್ಲಿಸಿದನು. ಇಲ್ಲವಾದರೆ ಪೆಟ್ಟಿಗೆಯ ಅಂಕಿಗೆ ತಕ್ಕಂತೆ ಉಗಿ ಕುಣಿಯುತ್ತಿತ್ತು. ಬಳಿಕ ಫಲಕದ ಹಿಂಬದಿಯಲ್ಲಿ ಪೆಟ್ಟಿಗೆ ಜೋಡಿಸಿ 140.40 ಓಮಿಗೆ ತಿರುಗಿಸಿದನು. ಫಲಕ 105 ಎಂದಿತು. ಫಲಕ ನಿರಪರಾಧಿ.

ಅಷ್ಟರಲ್ಲಿ ಪಾಳಿಯ ಮೇಲ್ವಿಚಾರಕರು ಬಂದರು. ಹೊರಗೆ ಟ್ರ್ಯಾಕ್ಟರುಗಳು ಕಾದಿದ್ದವು. ಕಡಿದ ಕಬ್ಬು ಒಣಗಿದಷ್ಟೂ ರೈತನ ತೂಕ ಇಳಿಯುತ್ತದೆ. ಅವರ ಅವಸರ ಸುಳ್ಳಿನದಲ್ಲ.

“ಆ ಪೆಟ್ಟಿಗಿ ಹಂಗ ಇರ್ಲಿ ಬಿಡೋ. 105 ತೋರಿಸ್ತೈತಲ್ಲ? ವಾಲ್ವಿನ ಹತ್ರ ನಿಂತಾಂವನ್ನ ಈ ಕಡೆ ಕಳಸು, ಬೆಳಿಗ್ಗಿ ನೋಡೋಣ.”

“ಅದು ನೀರಿನ ಬಿಸಿ ಅಲ್ರೀ ಸಾಹೇಬ್ರ, ನಾ ಕೊಟ್ಟ ಅಂಕಿ. ನೀರು ಪೂರಾ ಆರಿದ್ರೂ ಅದು 105 ಅಂತನ ಇರತೈತಿ.”

ಅವರು ಒಂದು ಗಳಿಗೆ ಸುಮ್ಮನಿದ್ದು, “ಲಗೂನ ಮುಗಸು” ಎಂದು ಹೊರಟರು. ನಾನು ತರಗತಿಯಲ್ಲಿ ಅವನಿಂದ ಇಷ್ಟು ನೇರವಾದ ವಾಕ್ಯ ಕೇಳಿದ ನೆನಪಿಲ್ಲ.

ಪೆಟ್ಟಿಗೆ ಹೊತ್ತು ನಾವು ಏಣಿ ಹತ್ತಿ ತೊಟ್ಟಿಯ ತಲೆಗೆ ಹೋದೆವು. ಅಲ್ಲಿ ಎಳೆಯನ್ನು ಬಿಡಿಸಿ, ತಂತಿಯ ತುದಿಗೆ ಅದೇ 140.40 ಓಮ್ ಇಟ್ಟನು. ಕೆಳಗಿನವನು ಕೂಗಿ ಹೇಳಿದನು: 113! ಪೆಟ್ಟಿಗೆ ಬದಲಾಗಿಲ್ಲ, ಫಲಕ ಬದಲಾಗಿಲ್ಲ. ನಡುವಿನ ದಾರಿಯಲ್ಲಿ ಎಲ್ಲೋ ಮೂರು ಓಮ್ ಸೇರಿಕೊಂಡಿವೆ. ಉದ್ದ ತಂತಿಯ ಸ್ವಂತ ರೋಧವನ್ನು ಲೆಕ್ಕದಿಂದ ಕಳೆಯಲೆಂದೇ ಎರಡರ ಬದಲು ಮೂರು ತಂತಿಗಳನ್ನು ಎಳೆದಿರುತ್ತಾರೆ. ಆದರೆ ಮೂರೂ ಸಮನಾಗಿದ್ದರೆ ಮಾತ್ರ ಆ ಲೆಕ್ಕ ಸರಿ. ನಡುದಾರಿಯ ಜೋಡಣೆಯ ಡಬ್ಬಿಯನ್ನು ತೆರೆದಾಗ ಹಿಪ್ಪೆಯ ನವಿರಾದ ಧೂಳು, ಉಗಿಯ ತೇವ. ಒಂದು ತಿರುಪಿನ ಸುತ್ತ ತಾಮ್ರಕ್ಕೆ ಹಸಿರು ಕಿಲುಬು.

ಆ ತುದಿಯನ್ನು ಕತ್ತರಿಸಿ, ಹೊಸತಾಗಿ ಹೆರೆದು, ಬಿಗಿದು ಕಟ್ಟಿದನು. ಮತ್ತೆ ತೊಟ್ಟಿಯ ತಲೆಯಿಂದ ಪರೀಕ್ಷೆ: 100 ಓಮಿಗೆ 0, 119.40ಕ್ಕೆ 50, 140.40ಕ್ಕೆ 105. ಪೆಟ್ಟಿಗೆ ಬಿಡಿಸಿ ಎಳೆಯನ್ನು ಜೋಡಿಸಿದಾಗ ಫಲಕ ಮೊದಲ ಬಾರಿಗೆ 97 ಎಂದಿತು. ಕವಾಟ ತೆರೆಯಿತು. ಅಂಕಿ ನಿಧಾನವಾಗಿ ಮೇಲೇರತೊಡಗಿತು; ತೊಟ್ಟಿಯ ಮುಳ್ಳೂ ಅದರೊಡನೆ ಏರಿತು. ಎರಡೂ 105ಕ್ಕೆ ಬಂದು ನಿಂತ ಮೇಲೆ ಶಿಷ್ಯನು ದಿನವಹಿಯಲ್ಲಿ ವೇಳೆ ಹಾಕಿ ಹೀಗೆ ಬರೆದನು: “ರೋಧಪೆಟ್ಟಿಗೆ ತೆಗೆದಿದೆ. ಎಳೆ ಜೋಡಿಸಿದೆ. ನಿಯಂತ್ರಕ ಸ್ವಯಂಚಾಲನೆಯಲ್ಲಿದೆ.” ಕಾಗುಣಿತದಲ್ಲಿ ತಪ್ಪಿರಲಿಲ್ಲ.