ಪೈಲಟ್ ತರಬೇತಿಗೆ ಸೇರುವ ಮುನ್ನ: ವೈದ್ಯಕೀಯ ತಪಾಸಣೆ ಯಾರಿಂದ, ಹೇಗೆ?



ಹತ್ತಿಮತ್ತೂರು ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳು ಎಂಜಿನಿಯರಿಂಗ್, ನರ್ಸಿಂಗ್ ಜೊತೆಗೆ ಈಗ ಪೈಲಟ್ ತರಬೇತಿಗೂ ಸಹಾಯ ಕೇಳುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಈ ತರಬೇತಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಹೊಲ ಮಾರಿ, ಒಡವೆ ಅಡವಿಟ್ಟು ಶುಲ್ಕ ಕಟ್ಟಿದ ಮೇಲೆ ಮಗನ ಕಣ್ಣು ಬಣ್ಣ ಗುರುತಿಸುವುದಿಲ್ಲ ಎಂದು ತಿಳಿದರೆ ಆ ಮನೆಯವರು ಏನು ಮಾಡಬೇಕು? ಆದ್ದರಿಂದ ನಮ್ಮ ಸಲಹೆ ಒಂದೇ: ಮೊದಲು ತಪಾಸಣೆ, ಆಮೇಲೆ ಶುಲ್ಕ.

ಯಾವ ದರ್ಜೆ ಯಾರಿಗೆ?

ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ವಿದ್ಯಾರ್ಥಿ ಪೈಲಟ್ ಮತ್ತು ಖಾಸಗಿ ಪೈಲಟ್ ಲೈಸೆನ್ಸಿಗೆ 2ನೇ ದರ್ಜೆಯ ವೈದ್ಯಕೀಯ ಅರ್ಹತೆ ಬೇಕು. ಸಂಬಳಕ್ಕೆ ವಿಮಾನ ನಡೆಸುವ ವಾಣಿಜ್ಯ ಪೈಲಟ್‌ಗೆ 1ನೇ ದರ್ಜೆ ಬೇಕು. ವಿದ್ಯಾರ್ಥಿ ಲೈಸೆನ್ಸಿಗೆ 16, ಖಾಸಗಿಗೆ 17, ವಾಣಿಜ್ಯಕ್ಕೆ 18 ವರ್ಷ ತುಂಬಿರಬೇಕು. ಯಾವ ಗುರಿ ಇಟ್ಟುಕೊಂಡರೂ ಮೊದಲ ಮೆಟ್ಟಿಲು 2ನೇ ದರ್ಜೆಯೇ.

ವೈದ್ಯರನ್ನು ಹುಡುಕುವುದು ಹೇಗೆ?

ಊರಿನ ಡಾಕ್ಟರರು ಅಥವಾ ತಾಲೂಕು ದವಾಖಾನೆಯವರು ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ಡಿಜಿಸಿಎ ಮಾನ್ಯ ಮಾಡಿದ ವೈದ್ಯರೇ ತಪಾಸಣೆ ಮಾಡಬೇಕು. ಅವರ ಹೆಸರು, ಊರು, ಫೋನ್ ನಂಬರು ಇರುವ ಪಟ್ಟಿ ಡಿಜಿಸಿಎ ಜಾಲತಾಣದ ವೈದ್ಯಕೀಯ ವಿಭಾಗದಲ್ಲಿದೆ. 1 ಮತ್ತು 2ನೇ ದರ್ಜೆಗೆ ಬೇರೆ ಬೇರೆ ಪಟ್ಟಿಗಳಿವೆ. ಬೆಂಗಳೂರಿನಲ್ಲಿ ಇಂಥ ವೈದ್ಯರಿದ್ದಾರೆ. ನಮ್ಮವರು ಯಲವಿಗಿ ಅಥವಾ ಹಾವೇರಿಯಿಂದ ರೈಲಿನಲ್ಲಿ ಹೋಗಿ ಬರಬಹುದು.

ಮಾನ್ಯತೆಗೆ ಅವಧಿ ಇರುವುದರಿಂದ ಹಳೆಯ ಪಟ್ಟಿಯನ್ನು ನಂಬಬೇಡಿ. ಹೊರಡುವ ಮುನ್ನ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ:

1. ಮೊದಲ ಸಲದ 2ನೇ ದರ್ಜೆ ತಪಾಸಣೆ ಮಾಡುತ್ತೀರಾ?
2. ಯಾವ ಪರೀಕ್ಷೆಗಳು ನಿಮ್ಮಲ್ಲೇ ಆಗುತ್ತವೆ, ಯಾವುದನ್ನು ಹೊರಗೆ ಮಾಡಿಸಬೇಕು?
3. ಎಲ್ಲ ಸೇರಿ ಖರ್ಚೆಷ್ಟು, ಎಷ್ಟು ದಿನ ಬೇಕು?
4. ಯಾವ ಕಾಗದಪತ್ರ ತರಬೇಕು?

ಅರ್ಜಿಯನ್ನು ಡಿಜಿಸಿಎಯ ಇ-ಜಿಸಿಎ ತಾಣದಲ್ಲಿ ವಿದ್ಯಾರ್ಥಿಯೇ ಸಲ್ಲಿಸಬಹುದು. 'ಪಾಸು ಮಾಡಿಸಿಕೊಡುತ್ತೇವೆ' ಎನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೋಗುವ ಮುನ್ನ ಮಾಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದುವ ಇಶಿಹಾರಾ ಪರೀಕ್ಷೆ ಇದು. ಹಾವೇರಿ, ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಬಳಿ ಕೆಲವೇ ನಿಮಿಷದಲ್ಲಿ ಆಗುತ್ತದೆ. ಕೆಂಪು-ಹಸಿರು ಬಣ್ಣದ ದೋಷ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ, ಗಂಡುಮಕ್ಕಳಲ್ಲೇ ಹೆಚ್ಚು. ಹುಟ್ಟಿನಿಂದ ಬಂದ ಈ ದೋಷಕ್ಕೆ ಚಿಕಿತ್ಸೆ ಇಲ್ಲ. ಎಷ್ಟೋ ಮಂದಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ. ಕನ್ನಡಕದ ವಿಷಯ ಹಾಗಲ್ಲ. ಅಂತರರಾಷ್ಟ್ರೀಯ ನಿಯಮದಂತೆ 2ನೇ ದರ್ಜೆಗೆ ಕನ್ನಡಕ ಹಾಕಿ ಪ್ರತಿ ಕಣ್ಣಿಗೂ 6/12, 1ನೇ ದರ್ಜೆಗೆ 6/9 ದೃಷ್ಟಿ ಬಂದರೆ ಸಾಕು. ಕನ್ನಡಕ ಬಂತೆಂದು ಯಾರೂ ಆಸೆ ಬಿಡಬೇಕಿಲ್ಲ.

ರಕ್ತ, ಮೂತ್ರ, ಸಕ್ಕರೆ, ಇಸಿಜಿ, ಎದೆಯ ಎಕ್ಸ್-ರೇ, ಕಿವಿ ಕೇಳುವ ಪರೀಕ್ಷೆ ಸಾಮಾನ್ಯವಾಗಿ ಇರುತ್ತವೆ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೂ ಊಟದ ನಂತರವೂ ರಕ್ತ ಕೊಡಬೇಕಾಗಬಹುದು. ಆದ್ದರಿಂದ ರಂಜಾನ್ ರೋಜಾ ದಿನಗಳನ್ನು ಬಿಟ್ಟು ದಿನಾಂಕ ಪಡೆಯುವುದು ಅನುಕೂಲ. ಹಿಂದೆ ಆಪರೇಷನ್ ಆಗಿದ್ದರೆ ಅದರ ಕಾಗದ ಒಯ್ಯಿರಿ. ಫಿಟ್ಸ್, ಅಸ್ತಮಾ, ಸಕ್ಕರೆ ಕಾಯಿಲೆ, ನಿತ್ಯದ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಆಕಾಶದಲ್ಲಿ ಪೈಲಟ್ ಪ್ರಜ್ಞೆ ತಪ್ಪಿದರೆ ಹೋಗುವುದು ಅವನೊಬ್ಬನ ಜೀವವಲ್ಲ.

ಹೆಸರಿನ ಬಗ್ಗೆಯೂ ಎಚ್ಚರ ಇರಲಿ. ನಮ್ಮ ಮಕ್ಕಳ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಹಮ್ಮದ್', ಆಧಾರ್‌ನಲ್ಲಿ 'ಮೊಹಮ್ಮದ್', ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಮುಂದೆ, ಹೀಗೆ ಮೂರು ಬಗೆ ಇರುತ್ತದೆ. ಅರ್ಜಿಗೆ ಮೊದಲೇ ಎಲ್ಲವನ್ನೂ ಅಂಕಪಟ್ಟಿಯಂತೆ ಸರಿಪಡಿಸಿಕೊಳ್ಳಿ.

ಫಲಿತಾಂಶ ಮತ್ತು ಮುಂದಿನ ಹೆಜ್ಜೆ

ವೈದ್ಯರು ವರದಿ ಕಳಿಸುತ್ತಾರೆ. ಅಂತಿಮ ನಿರ್ಧಾರ ಡಿಜಿಸಿಎಯದ್ದು. 'ತಾತ್ಕಾಲಿಕ ಅನರ್ಹ' ಎಂದು ಬಂದರೆ ಎದೆಗುಂದಬೇಡಿ. ತೂಕ, ರಕ್ತದೊತ್ತಡ, ರಕ್ತಹೀನತೆಯಂಥವು ಸರಿಯಾದ ಮೇಲೆ ಮತ್ತೆ ತಪಾಸಣೆಗೆ ಅವಕಾಶವಿದೆ. 'ಅನರ್ಹ' ಎಂದರೂ ಮೇಲ್ಮನವಿಗೆ ದಾರಿಯಿದೆ.

ವಾಣಿಜ್ಯ ಪೈಲಟ್ ಆಗಬೇಕೆನ್ನುವವರು 2ನೇ ದರ್ಜೆ ಮುಗಿದ ಕೂಡಲೇ 1ನೇ ದರ್ಜೆಯನ್ನೂ ಮಾಡಿಸಿಕೊಳ್ಳಲಿ. ಅದಕ್ಕೆ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ ಇದೆ: ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲೇ ಗಗನಯಾನದ ಯಾತ್ರಿಗಳ ಆಯ್ಕೆಗೂ ವೈದ್ಯಕೀಯ ಪರೀಕ್ಷೆಗಳು ನಡೆದವು. ಇಲ್ಲಿ ದಿನಾಂಕ ಸಿಗುವುದಕ್ಕೆ ಕಾಯಬೇಕಾಗಬಹುದು. ಬೇಗ ಅರ್ಜಿ ಹಾಕಿ.

ಅರ್ಜಿದಾರರಿಗೆ ಸೂಚನೆ

ಪೈಲಟ್ ತರಬೇತಿಗೆ ವಿದ್ಯಾರ್ಥಿವೇತನ ಕೇಳುವವರು ಅರ್ಜಿಯ ಜೊತೆ 2ನೇ ದರ್ಜೆಯ ವೈದ್ಯಕೀಯ ಅರ್ಹತೆಯ ಪ್ರತಿ ಲಗತ್ತಿಸಬೇಕು. ವಾಣಿಜ್ಯ ತರಬೇತಿಯಾದರೆ 1ನೇ ದರ್ಜೆಯದ್ದೂ ಬೇಕು. ಇದು ಮಕ್ಕಳನ್ನು ತಡೆಯಲು ಮಾಡಿದ ನಿಯಮವಲ್ಲ. ನಮ್ಮ ಕೈಯಲ್ಲಿರುವುದು ದಾನಿಗಳ ಅಮಾನತ್, ನಿಮ್ಮ ಮನೆಯಲ್ಲಿರುವುದು ತಂದೆ-ತಾಯಿಯ ಬೆವರು. ಎರಡೂ ವ್ಯರ್ಥವಾಗಬಾರದು. ಇಂಟರ್ನೆಟ್‌ನಲ್ಲಿ ಪಟ್ಟಿ ನೋಡಲು, ಅರ್ಜಿ ತುಂಬಲು ತೊಂದರೆಯಾದರೆ ಕಚೇರಿಗೆ ಬನ್ನಿ. ಜೊತೆಗೆ ಕೂತು ತುಂಬೋಣ. ಹೆಣ್ಣುಮಕ್ಕಳೂ ಸಂಕೋಚವಿಲ್ಲದೆ ಬರಲಿ. ನಮ್ಮ ಊರಿನ ಮಗುವೊಂದು ವಿಮಾನ ನಡೆಸುವ ದಿನ ಬರಲಿದೆ, ಇನ್ಶಾ ಅಲ್ಲಾಹ್.